ಪಟ್ಟಿಯಲ್ಲಿ ಇಬ್ಬರಾದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ಇಲ್ಲ ಎಂದು ವಾದಿಸಿದರೂ ಸಿಟ್ಟಿನಿಂದಲೇ ವಾದಿಸುತ್ತೇನೆ, ಹಾಗಾಗಿ ಸೋಲುತ್ತೇನೆ. ಆಗ ನಾನು ಬೀದರಿನ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಗಾಂಧಿ ಗಂಜಿನ ಒಂದು ಬೇಳೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಮಳೆ ಚೆನ್ನಾಗಿ ಬಂದ ವರ್ಷ ಕೆಳಗೆ ತೊಗರಿ ಚೀಲ ಇಳಿಸುವ ಹಮಾಲರ ಗದ್ದಲಕ್ಕೆ ನಮಗೆ ಫೋನಿನ ಮಾತು ಕೇಳಿಸುತ್ತಿರಲಿಲ್ಲ. ಸಾಲಾಗಿ ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಅವರು ಕೈಗಾಡಿಯ ಮೇಲೇ ಕಾಲು ಚಾಚಿ ಮಲಗಿರುತ್ತಿದ್ದರು, ನಮ್ಮ ಫೋನಿನ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು. ನಾನು ಯಾರ ಜೊತೆ ಜಗಳಾಡಿದೆ ಎಂಬುದನ್ನು ಸಂಜೆ ಅವರೇ ನನಗೆ ನೆನಪು ಮಾಡಿಕೊಡುತ್ತಿದ್ದರು.

ನಮ್ಮ ಕೆಲಸ ಇದು. ದೀಪಾವಳಿ ಮುಗಿದ ಕೂಡಲೇ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ದುಡಿಯಲು ಹೈದರಾಬಾದಿಗೆ, ಪುಣೆಗೆ ಹೊರಡುತ್ತಿದ್ದರು. ಅವರೊಳಗೆ ಬಸುರಿಯರೂ ಇರುತ್ತಿದ್ದರು. ಯಾವ ಬಸುರಿ ಎಲ್ಲಿದ್ದಾಳೆ, ತಿಂಗಳ ತಪಾಸಣೆ ಆಗಿದೆಯೇ, ರಕ್ತ ಸಾಕಷ್ಟಿದೆಯೇ, ಹೆರಿಗೆಗೆ ಎಲ್ಲಿಗೆ ಬರುತ್ತಾಳೆ ಎಂದು ಬೆನ್ನು ಹತ್ತಿ ವಿಚಾರಿಸಬೇಕು. ನಾವಿದ್ದದ್ದು ಮೂವರು. ಔರಾದಿನಲ್ಲಿ ಸರಕಾರಿ ನೌಕರಿಯಿಂದ ನಿವೃತ್ತರಾದ ನರ್ಸಬಾಯಿ. ಆ ತಾಲೂಕಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವರದು. ಭಾಲ್ಕಿಯಲ್ಲಿ ಬೈಕ್ ಓಡಿಸುವ ನನ್ನ ಗೆಳತಿ, ಹಳ್ಳಿಯ ದಾರಿಯನ್ನು ಮಣ್ಣಿನ ಬಣ್ಣದಿಂದಲೇ ಗುರುತಿಸುವವಳು. ಬೀದರಿನಲ್ಲಿ ಕುರ್ಚಿಯ ಮೇಲೆ ಕೂತು ಇಬ್ಬರಿಗೂ ಬುದ್ಧಿ ಹೇಳುವವಳು ನಾನು.

ಮೂವರಿಗೂ ಒಂದೊಂದು ನೋಟಬುಕ್ ಇತ್ತು. ಸೋಮವಾರಕ್ಕೊಮ್ಮೆ ಬೀದರಿನಲ್ಲಿ ಕೂತು ಮೂರನ್ನೂ ತಾಳೆ ನೋಡುತ್ತಿದ್ದೆವು. ನರ್ಸಬಾಯಿಯ ಅಕ್ಷರ ಅವರಿಗೆ ಮಾತ್ರ ಓದಲು ಬರುತ್ತಿತ್ತು, ಕೆಲವೊಮ್ಮೆ ಅವರಿಗೂ ಬರುತ್ತಿರಲಿಲ್ಲ. ಗೆಳತಿಯ ನೋಟಬುಕ್ಕಿಗೆ ಬೈಕಿನ ಎಣ್ಣೆ ಹತ್ತಿರುತ್ತಿತ್ತು. ಹೆರಿಗೆಯ ಸುದ್ದಿ ನನ್ನ ನೋಟಬುಕ್ಕಿಗೆ ಬರದೆ, ಒಮ್ಮೆ ಹೆತ್ತು ಮೂರು ವಾರವಾದ ಬಾಣಂತಿಗೆ ಫೋನ್ ಮಾಡಿ "ಹೊಟ್ಟಿ ಹ್ಯಾಂಗ ಅದರಿ?" ಎಂದು ಕೇಳಿದ್ದೆ. "ಖಾಲಿ ಅದರಿ, ಊಟಕ್ಕ ಕುಂತೇನಿ" ಎಂದಿದ್ದಳು ಆಕೆ.

ದಾರಿ ತೋರಿಸಿದವಳು ನನ್ನ ತಂಗಿ. ಅವಳು ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ನೋಡುತ್ತಿದ್ದಳು. ಒಂದು ಭಾನುವಾರ ಮೊಬೈಲಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದಳು. ಪಟ್ಟಿ ಇರುವುದು ಇಂಟರ್‌ನೆಟ್ಟಿನ ಮೇಲೆ. ಯಾರು ಎಲ್ಲಿ ಕೂತು ಬರೆದರೂ ಎಲ್ಲರಿಗೂ ಆ ಗಳಿಗೆಯಲ್ಲೇ ಕಾಣುತ್ತದೆ. "ಹೀಗಾದರೆ ಹಾಗೆ ಮಾಡು" ಎಂದು ಒಮ್ಮೆ ಹೇಳಿಟ್ಟರೆ ತಾನೇ ಬಣ್ಣ ಬದಲಿಸುತ್ತದೆ, ತಾನೇ ಸಂದೇಶ ಕಳಿಸುತ್ತದೆ. ಯಾವ ಡಬ್ಬಿ ಯಾವ ಲಾರಿಯಲ್ಲಿ ಯಾವ ಊರು ದಾಟಿದೆ ಎಂಬುದು ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಸೋಪಿನ ಡಬ್ಬಿಗೆ ಇರುವ ಮರ್ಯಾದೆ ನಮ್ಮ ಬಸುರಿಯರಿಗೆ ಇಲ್ಲವಲ್ಲ ಎಂದು ನನಗೆ ರೇಗಿತು.

ಒಂದು ವಾರ ಹಟ ಹಿಡಿದು ಕೂತು ನಮ್ಮದೊಂದು ಪಟ್ಟಿ ಕಟ್ಟಿದೆ. ಒಬ್ಬ ಹೆಣ್ಣುಮಗಳಿಗೆ ಒಂದು ಸಾಲು. ತಪಾಸಣೆ ಆಗಿದ್ದರೆ ಇಲ್ಲವೆ ಸಂದೇಶಕ್ಕೆ ಉತ್ತರ ಬಂದಿದ್ದರೆ ಸಾಲು ಹಸಿರು. ದಿನ ಮೀರಿದರೆ ಕೆಂಪು. ದಿನ ಬಂದಾಗ ಸಾಲಿನಲ್ಲಿರುವ ನಂಬರಿಗೆ ಸಂದೇಶ ತಾನೇ ಹೋಗಬೇಕು. ಮೊದಲ ದಿನ ಒಂದು ಸಾಲು ನನ್ನ ಕಣ್ಣೆದುರೇ ಕೆಂಪಿನಿಂದ ಹಸಿರಾದಾಗ ಚಪ್ಪಾಳೆ ಹೊಡೆದುಬಿಟ್ಟೆ. ಕೆಳಗೆ ಮಲಗಿದ್ದ ಹಮಾಲನೊಬ್ಬ ಎದ್ದು ಕೂತು ಮೇಲೆ ನೋಡಿದ.

ನರ್ಸಬಾಯಿ ಆ ಪಟ್ಟಿಯನ್ನು "ಹೊಸ ಸೊಸಿ" ಎಂದು ಕರೆಯತೊಡಗಿದರು. "ಏನಂತಾಳವ್ವಾ ಇವತ್ತು ನಿನ್ನ ಹೊಸ ಸೊಸಿ? ಹೇಳಿದ್ದು ಕೇಳ್ತಾಳೋ, ಮಾರಿ ಉಬ್ಬಿಸ್ತಾಳೋ?" ಎಂದು ದಿನಾ ಬೆಳಿಗ್ಗೆ ಫೋನ್. ಮಾರಿ ಉಬ್ಬಿಸಿದ್ದು ಮೊದಲ ವಾರವೇ. ಗಂಡನ ಹೆಸರು ಬರೆಯದಿದ್ದರೆ ಸಾಲು ಉಳಿಯದಂತೆ ನಾನು ನಿಯಮ ಹಾಕಿದ್ದೆ. ನಮ್ಮ ಹಳ್ಳಿಯ ಹೆಂಗಸರು ಸತ್ತರೂ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ನರ್ಸಬಾಯಿ ಅಂಗನವಾಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬಳ ಗಂಡನ ಹೆಸರನ್ನು ಪಕ್ಕದವಳಿಂದ ಹೇಳಿಸಿ ಬರೆದುಕೊಂಡರಂತೆ. ನಗು ತಡೆಯಲಾಗದೆ ಒಬ್ಬಳಿಗೆ ಬಿಕ್ಕಳಿಕೆ ಹತ್ತಿತಂತೆ. "ನಲವತ್ತು ವರ್ಷ ನೌಕರಿ ಮಾಡೀನಿ, ಇಷ್ಟು ಗಂಡಸರ ಹೆಸರು ಒಂದೇ ದಿನ ಕೇಳಿರ್ಲಿಲ್ಲ" ಎಂದರು.

ಎರಡನೆಯ ವಾರ ಒಬ್ಬ ಗಂಡಸಿನ ಫೋನ್ ಬಂತು. ಧ್ವನಿಯಲ್ಲಿ ಸಿಟ್ಟಿತ್ತು, ಹಿಂದೆ ಹತ್ತಾರು ಜನ ನಗುವುದು ಕೇಳಿಸುತ್ತಿತ್ತು.

"ಮೇಡಂ, ನೀವು ನನಗ ಆರನೇ ತಿಂಗಳು ಅಂತ ಬರ್ದೀರಿ."

"ಯಾರಿಗ್ರಿ?"

"ನನಗ್ರಿ! ನಾ ಗೌಂಡಿ ಇದ್ದೇನಿ. ಹೈದರಾಬಾದಿನ್ಯಾಗ ಕಟ್ಟಡದ ಮ್ಯಾಲ ನಿಂತೇನಿ. 'ತಾಯಿಯವರೇ, ನಿಮಗೀಗ ಆರನೇ ತಿಂಗಳು, ಭಾರ ಎತ್ತಬೇಡಿ' ಅಂತ ಮೆಸೇಜ್ ಬಂದದ. ನನ್ನ ಕೈಕೆಳಗಿನವ್ರು ಓದಿಬಿಟ್ರು. ಈಗ ಸಿಮೆಂಟಿನ ಪುಟ್ಟಿ ಮುಟ್ಟಾಕ ಬಿಡವಲ್ರು, 'ಬಸುರಿ ಮೇಸ್ತ್ರಿ ದೂರ ಸರೀರಿ' ಅಂತಾರ."

ನನಗೂ ನಗು ಉಕ್ಕಿ ಬಂತು. ಹೆಂಗಸರ ಹತ್ತಿರ ಫೋನೆಲ್ಲಿದೆ? ಸಾಲಿನಲ್ಲಿ ಬರೆದ ನಂಬರುಗಳೆಲ್ಲ ಮನೆಯ ಗಂಡಸರವು. ಅದನ್ನು ನರ್ಸಬಾಯಿಗೆ ಹೇಳಿದಾಗ, "ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ. ನಿನ್ನ ಸೊಸಿ ಆ ಜಾತಿ" ಎಂದರು. ನಂಬರು ತೆಗೆದುಬಿಡುತ್ತೇನೆ ಎಂದು ಗೌಂಡಿಗೆ ಹೇಳಿದೆ. ಆತ, "ತೆಗೀಬ್ಯಾಡ್ರಿ" ಎಂದ. "ಊಟದ ಹೊತ್ತಿನ್ಯಾಗ ಕಳಸ್ರಿ ಸಾಕು. ಆಕಿಗಿ ಓದಿ ಹೇಳ್ತೇನಿ."

ಅಂದಿನಿಂದ ಎಲ್ಲ ಸಂದೇಶಗಳೂ ಸಾಲಿನಲ್ಲಿರುವ ಹೆಂಗಸಿನ ಹೆಸರಿನಿಂದಲೇ ಶುರುವಾಗುವ ಹಾಗೆ ತಿದ್ದಿದೆ. ಗಂಡಸರ ಬಸುರು ಅಲ್ಲಿಗೆ ತೀರಿತು. ಆ ಗೌಂಡಿ ಔರಾದ ತಾಲೂಕಿನವನು, ಹೆಂಡತಿಯೂ ಅಲ್ಲೇ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಜೊತೆ ಇದ್ದಳು. ಪ್ರತಿ ಸಂದೇಶಕ್ಕೂ ಆತ ತಪ್ಪದೆ ಉತ್ತರ ಬರೆಯುತ್ತಿದ್ದ. "ಗುಳಿಗಿ ನುಂಗ್ಯಾಳ." "ಇವತ್ತು ಅರ್ಧ ರೊಟ್ಟಿ ಹೆಚ್ಚು ತಿಂದಾಳ." "ಮೆಟ್ಟಲ ಹತ್ತಿದ್ರ ಉಸಿರು ಹತ್ತತದ ಅಂತಾಳ." ಉತ್ತರ ಬಂತೆಂದರೆ ಸಾಲು ಹಸಿರು. ನಾನು ಆ ಸಾಲನ್ನು ಬಂದವರಿಗೆಲ್ಲ ತೋರಿಸಿ ಮೆರೆಯುತ್ತಿದ್ದೆ. ಉಸಿರು ಹತ್ತುತ್ತದೆ ಎಂದು ಬರೆದದ್ದನ್ನು ನಾನು ಓದಿದ್ದೆ. ಓದಿ, ಬಸುರಿಗೆ ಅದು ಇದ್ದದ್ದೇ ಎಂದುಕೊಂಡು ಮುಂದೆ ಹೋಗಿದ್ದೆ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಪಟ್ಟಿಯಲ್ಲಿ ಒಂದೇ ಒಂದು ಸಾಲು ಮಾತ್ರ ಕೆಂಪಾಗಿ ಕೂತಿತ್ತು. ಭಾಲ್ಕಿ ತಾಲೂಕಿನ ಒಂದು ಕುರಿಗಾರರ ಮನೆಯ ಮಗಳು. ದೀಪಾವಳಿಗೆ ತವರಿಗೆ ಬಂದಾಗ ನನ್ನ ಗೆಳತಿ ಆಕೆಯ ರಕ್ತ ತಪಾಸಣೆ ಮಾಡಿಸಿದ್ದಳು. "ರಕ್ತ ಆರೂವರೆ. ಮೊದಲ ಕೂಸು ದಕ್ಕಿಲ್ಲ. ಹದಿನೈದು ದಿನಕ್ಕೆ ಮತ್ತೆ ನೋಡಬೇಕು" ಎಂದು ಸಾಲಿನಲ್ಲಿ ಬರೆದಿದ್ದಳು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಆರೂವರೆ ಎಂದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿ ಉಳಿಯುವುದು ಕಷ್ಟ. ಹದಿನೈದು ದಿನ ಹೋಗಿ ಎರಡು ತಿಂಗಳಾಗಿತ್ತು. ಸಾಲಿನಲ್ಲಿದ್ದದ್ದು ಅಪ್ಪನ ನಂಬರು. ಆತ ಕುರಿ ಹೊಡೆದುಕೊಂಡು ಹೋದ ಕಡೆ ಚಾರ್ಜ್ ಮಾಡಲು ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಹಾಗಾಗಿ ಒಂದು ಸಂದೇಶವೂ ಮುಟ್ಟದೆ ಎಲ್ಲ ಪಟ್ಟಿಯಲ್ಲೇ ಕಾಯುತ್ತ ಉಳಿದಿದ್ದವು.

ಗೆಳತಿ ಎರಡು ಸಲ ಊರಿಗೆ ಹೋಗಿ ಬಂದಳು. ಮನೆಗೆ ಬೀಗ. "ಗಂಡನ ಮನಿ ಔರಾದ ಕಡಿ ಅಂತ" ಎಂದು ನೆರೆಯವರಿಂದ ಹಳ್ಳಿಯ ಹೆಸರು ಕೇಳಿಕೊಂಡು ಬಂದಳು. ನಾನು ಕೂತಲ್ಲೇ ಪಟ್ಟಿಯಲ್ಲಿ ಆ ಹಳ್ಳಿಯ ಸಾಲುಗಳೊಳಗೆ ಆಕೆಯ ಹೆಸರನ್ನಷ್ಟೇ ಹುಡುಕಿದೆ, ಗಂಡನ ಹೆಸರಿನಿಂದ ಹುಡುಕುವುದು ಹೊಳೆಯಲಿಲ್ಲ. ಇಲ್ಲ ಎಂದಿತು. ಪಟ್ಟಿ ಇಲ್ಲ ಎಂದ ಮೇಲೆ ಮುಗಿಯಿತು, ತಪ್ಪು ನರ್ಸಬಾಯಿಯದು! "ನಿಮ್ಮ ಹಳ್ಳಿಯ ಒಬ್ಬ ಬಸುರಿಯನ್ನು ನೀವು ಬರೆದೇ ಇಲ್ಲ. ರಕ್ತ ಆರೂವರೆ ಇದೆ. ಇದು ಹುಡುಗಾಟಿಕೆಯಲ್ಲ" ಎಂದು ಮೆಸೇಜ್ ಹಾಕಿದೆ. ಮರುದಿನ ಹೊಸ ಸೊಸಿಯ ಯೋಗಕ್ಷೇಮ ಕೇಳುವ ನರ್ಸಬಾಯಿಯ ಫೋನ್ ಬರಲಿಲ್ಲ.

ಸಂಕ್ರಾಂತಿಯ ಎಡಬಲದಲ್ಲಿ ನಾನೇ ಭಾಲ್ಕಿಗೆ ಹೋಗಿ ಗೆಳತಿಯ ಬೈಕಿನ ಹಿಂದೆ ಕೂತೆ. ಅವರ ಊರಿನ ಒಣಗಿದ ಕೆರೆಯ ಅಂಗಳದಲ್ಲಿ ಕುರಿಗಾರ ಸಿಕ್ಕ. ಕುರಿಗಳು ನೀರಿದ್ದ ಜಾಗದ ಬಿರುಕಿನಲ್ಲಿ ಹುಲ್ಲಿನ ಬೇರು ಹುಡುಕುತ್ತಿದ್ದವು. ಅಜ್ಜ ಅನ್ನುವಷ್ಟು ವಯಸ್ಸೇನಲ್ಲ, ಬಿಸಿಲಿಗೆ ಮುಖ ಹಾಗಾಗಿತ್ತು. ಮಗಳ ಹೆಸರು ಹೇಳಿ ಎಲ್ಲಿದ್ದಾಳೆ ಎಂದೆ.

"ಗಂಡನ ಸಂಗಟ ದುಡ್ಯಾಕ ಹೋಗ್ಯಾಳರಿ."

"ಗಂಡನ ಊರಾಗ ಆ ಹೆಸರಿನವರು ಯಾರೂ ಇಲ್ಲಂತ?"

ಆತ ನನ್ನ ಮುಖ ನೋಡಿದ. ಪಟ್ಟಣದವಳಿಗೆ ಇಷ್ಟೂ ತಿಳಿಯದೇ ಎಂಬ ಕನಿಕರ ಆ ನೋಟದಲ್ಲಿತ್ತು. "ಅಲ್ಲಿ ಆಕಿ ಹೆಸರು ಬ್ಯಾರೆ ಅದಲ್ರಿ ಅಕ್ಕಾರ. ಲಗ್ನದಾಗ ತಾಟಿನ್ಯಾಗಿನ ಅಕ್ಕಿ ಮ್ಯಾಲ ಉಂಗುರದಿಂದ ಅಳಿಯ ಹೊಸ ಹೆಸರು ಬರೀತಾನ. ಅಲ್ಲಿಂದ ಅದೇ ಹೆಸರು. ಇಲ್ಲಿ ನೋಡ್ರಿ, ಈ ಕುರಿ ಬ್ಯಾರೆಯವ್ರ ಹಿಂಡಿನದು. ನಾ ತಂದ ಮ್ಯಾಲ ನನ್ನ ಬಣ್ಣ ಹಚ್ಚೇನಿ. ಬಣ್ಣ ಬದಲಾದ್ರ ಕುರಿ ಬದಲಾಗ್ತದೇನ್ರಿ?"

ಹೊಸ ಹೆಸರು ಯಾವುದು ಎಂದೆ. ಹೇಳಿದ. ನಾನು ನಿಂತಲ್ಲೇ ಮೊಬೈಲಿನಲ್ಲಿ ಹುಡುಕಿದೆ. ಆಕೆಯ ಎರಡೂ ಹೆಸರು ಇಲ್ಲಿ ಬರೆಯುವುದಿಲ್ಲ. ತವರಿನದು ಒಂದು ಹೊಳೆಯ ಹೆಸರು, ಗಂಡನ ಮನೆಯದು ಒಂದು ದೇವಿಯದು. ದೇವಿಯ ಹೆಸರಿನ ಸಾಲು ಥಟ್ಟನೆ ಬಂತು. ಹಚ್ಚ ಹಸಿರು. ಗಂಡನ ಕಸುಬು ಗೌಂಡಿ. "ಮೆಟ್ಟಲ ಹತ್ತಿದ್ರ ಉಸಿರು ಹತ್ತತದ."

ನಾನು ಮೆರೆಸಿದ್ದ ಹಸಿರು ಸಾಲು, ಹುಡುಕುತ್ತಿದ್ದ ಕೆಂಪು ಸಾಲು, ಎರಡೂ ಒಬ್ಬಳವೇ. ನರ್ಸಬಾಯಿ ಮೂರನೆಯ ತಿಂಗಳಲ್ಲೇ ಆಕೆಯನ್ನು ಬರೆದುಕೊಂಡಿದ್ದರು. ಆಗ ರಕ್ತ ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಸೊಸೆಯ ಹೆಸರು ಬದಲಿಸುವ ರೂಢಿಯಿಲ್ಲ. ನಮ್ಮವ್ವ ಹುಟ್ಟಿದ ಹೆಸರಲ್ಲೇ ಮದುವೆಯಾಗಿ ಅದೇ ಹೆಸರಲ್ಲೇ ಬೈಸಿಕೊಂಡು ಬೈದು ಬಾಳಿದವಳು. ಹಾಗಾಗಿ ಒಬ್ಬ ಹೆಂಗಸಿಗೆ ಒಂದು ಹೆಸರು ಎಂದು ಯಾರನ್ನೂ ಕೇಳದೆ ಪಟ್ಟಿ ಕಟ್ಟಿಬಿಟ್ಟಿದ್ದೆ.

ಅಲ್ಲೇ ನಿಂತು ನರ್ಸಬಾಯಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದೆ. ನಾನು ಈ ಮಾತು ಆಡಿದ್ದು ಕೇಳಿ ಗೆಳತಿ ಬೈಕಿನಿಂದ ಇಳಿದು ನನ್ನನ್ನೇ ನೋಡಿದಳು.

"ಕೇಳಿದ್ರ ಹೇಳ್ತಿದ್ದೆ ತಂಗಿ" ಎಂದರು ನರ್ಸಬಾಯಿ. "ನೀ ಹೆಸರು ಹುಡಕ್ದಿ, ಹೆಣ್ಣುಮಗಳನ್ನ ಹುಡುಕಲಿಲ್ಲ. ಇರ್ಲಿ, ಈಗ ಅಳಬ್ಯಾಡ. ಆಕಿಗಿ ಎಂಟರಾಗ ಬಿದ್ದದ. ಜಲ್ದಿ ಕರಿಸು."

ಎರಡು ಸಾಲುಗಳನ್ನು ಒಂದು ಮಾಡಿದೆ. ರಕ್ತದ ವಿವರ ಭಾಲ್ಕಿಯ ಸಾಲಿನಲ್ಲಿತ್ತು, ಹಾಗಾಗಿ ಅದನ್ನೇ ಉಳಿಸಿಕೊಂಡು ಅದರೊಳಗೆ ಗೌಂಡಿಯ ನಂಬರು ಹಾಕಿದೆ. ಸರಿಯಾದ ನಂಬರು ಸಿಕ್ಕಿದ್ದೇ ತಡ, ಎರಡು ತಿಂಗಳಿನಿಂದ ಕಾಯುತ್ತಿದ್ದ ಸಂದೇಶಗಳೆಲ್ಲ ಒಂದರ ಬೆನ್ನಿಗೆ ಒಂದು ಹೈದರಾಬಾದಿಗೆ ಹಾರಿದವು. ತಡೆಯಲು ಹೋದೆ, ಆಗಲಿಲ್ಲ. ಹನ್ನೊಂದು ಸಂದೇಶ. ಎಲ್ಲದರಲ್ಲೂ ಒಂದೇ ಮಾತು: ನಿಮ್ಮ ರಕ್ತ ಬಹಳ ಕಡಿಮೆ ಇದೆ, ಕೂಡಲೇ ಬನ್ನಿ.

ಎರಡೇ ನಿಮಿಷಕ್ಕೆ ಗೌಂಡಿಯ ಫೋನ್. ಈ ಸಲ ಹಿಂದೆ ಯಾರೂ ನಗುತ್ತಿರಲಿಲ್ಲ. "ಏನಾಗ್ಯಾದ್ರಿ ಮೇಡಂ? ಒಂದು ಸವನ ಬಡ್ಕೊಳ್ಳಾಕ ಹತ್ಯಾದ." ಎಲ್ಲ ಹೇಳಿದೆ. ಹೆಂಡತಿ ರಕ್ತದ ಮಾತು ಅವನಿಗೆ ಹೇಳಿರಲೇ ಇಲ್ಲ. ಆತ ಫೋನನ್ನು ಆಕೆಯ ಕೈಗೆ ಕೊಟ್ಟ.

"ನಾ ಬರೂದಿಲ್ರಿ" ಎಂದಳು ಆಕೆ, ಶಾಂತವಾಗಿ. "ನಮ್ಮೂರಾಗ ನೀರೆಲ್ಲಿ ಅದರಿ? ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್. ಬಾಣಂತಿಗಿ ನೀರು ಬೇಕು, ಕೂಸಿಗಿ ನೀರು ಬೇಕು. ಇಲ್ಲಿ ಬಾಗಲದಾಗ ನಳ ಅದ. ಇಲ್ಲೇ ಹಡೀತೇನಿ."

ಗುಳಿಗೆಗೆ, ತೂಕಕ್ಕೆ, ರಕ್ತಕ್ಕೆ ಎಲ್ಲಕ್ಕೂ ನನ್ನ ಪಟ್ಟಿಯಲ್ಲಿ ಜಾಗವಿತ್ತು. ನೀರು ನನಗೆ ಹೊಳೆದೇ ಇರಲಿಲ್ಲ. ಬಿರುಕು ಬಿಟ್ಟ ಕೆರೆಯಲ್ಲಿ ನಿಂತು, ನೀರಿದೆ ಬಾ ಎನ್ನಲು ಬಾಯಿ ಬರಲಿಲ್ಲ.

ಗೆಳತಿ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡು, "ಮತ್ತ ಫೋನ್ ಮಾಡ್ತೇವ್ರಿ" ಎಂದು ಇಟ್ಟು ಊರೊಳಗೆ ನಡೆದಳು. ಕುರಿಗಾರನ ಓಣಿಯಲ್ಲಿ ಮನೆಮನೆಗೂ ಹೋಗಿ, ಬಾಣಂತಿಗೆ ದಿನಕ್ಕೊಂದು ಕೊಡ ನೀರು ಕೊಡುತ್ತೀರಾ ಎಂದು ಕೇಳಿದಳು. ಹನ್ನೊಂದು ಮನೆಯವರು ಒಪ್ಪಿದರು. ಒಬ್ಬಾಕೆ ಮಾತ್ರ, ತನಗೇ ಎರಡು ಕೊಡ ಬರುವುದು, ಅರ್ಧ ಕೊಡ ಕೊಡುತ್ತೇನೆ ಎಂದಳಂತೆ. ಅದನ್ನೂ ಬರೆದುಕೊಂಡಳು. ನಾನು ಹುರುಪಿನಿಂದ, ಈ ಪಾಳಿಗೂ ಒಂದು ಪಟ್ಟಿ ಮಾಡಿ ದಿನಾ ಬೆಳಿಗ್ಗೆ ನೆನಪಿನ ಸಂದೇಶ ಕಳಿಸೋಣ ಎಂದೆ. ನರ್ಸಬಾಯಿ ಫೋನಿನಲ್ಲೇ ಬೈದರು. "ಓಣ್ಯಾಗ ಬಾಣಂತಿ ಇದ್ದಾಳಂದ್ರ ನೆನಪು ಮಾಡಬೇಕೇನು? ಸೊಸಿಗಿ ಸ್ವಲ್ಪ ಕುಂದ್ರಾಕ ಹೇಳು."

ಮತ್ತೆ ಹೈದರಾಬಾದಿಗೆ ಫೋನ್ ಮಾಡಿ ಕೊಡಗಳ ಲೆಕ್ಕ ಒಪ್ಪಿಸಿದೆ. ಆಕೆ ಎಲ್ಲ ಕೇಳಿಸಿಕೊಂಡು, "ಬರ್ತೇನಿ" ಎಂದಳು, ಅಷ್ಟೇ.

ಮರುದಿನ ಮಧ್ಯಾಹ್ನ ಬೀದರ ಬಸ್ ನಿಲ್ದಾಣದಲ್ಲಿ ಅವರನ್ನು ಮೊದಲ ಸಲ ನೋಡಿದೆ. ಗೌಂಡಿ ನಾನಂದುಕೊಂಡದ್ದಕ್ಕಿಂತ ಸಣ್ಣ ಆಳು. ಆಕೆ ಉದ್ದಕ್ಕಿದ್ದಳು, ತುಟಿ ಬಿಳಿಚಿತ್ತು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ದವಾಖಾನೆಯಲ್ಲಿ ಎರಡು ಬಾಟಲಿ ರಕ್ತ ಬೇಕು ಎಂದರು. ಗೌಂಡಿಯದು ಹೊಂದಲಿಲ್ಲ, ಆತ ಮುಖ ಸಣ್ಣದು ಮಾಡಿಕೊಂಡು ಫೋನ್ ಹಿಡಿದು ಹೊರಗೆ ಹೋದ. ಸಂಜೆಯೊಳಗೆ ಅವನ ಕಟ್ಟಡದ ಐದು ಜನ ಒಂದು ಜೀಪಿನಲ್ಲಿ ಬಂದಿಳಿದರು. ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಬಂದಿದ್ದರು. "ನಮ್ಮ ಬಸುರಿ ಮೇಸ್ತ್ರಿ ಎಲ್ಲಿ ಅದಾನ್ರಿ?" ಎಂದು ಕಾರಿಡಾರಿನ ತುಂಬ ಕೂಗಿದಾಗ ಅಲ್ಲಿದ್ದ ಸಿಸ್ಟರುಗಳು ಗಾಬರಿಯಾದರು. ಐವರಲ್ಲಿ ಇಬ್ಬರದು ಹೊಂದಿತು.

ಐದು ವಾರದ ಮೇಲೆ ಅದೇ ದವಾಖಾನೆಯಲ್ಲಿ ಹೆಣ್ಣು ಕೂಸಾಯಿತು. ತಾಯಿ ಮಗಳು ಇಬ್ಬರೂ ಗಟ್ಟಿ. ನರ್ಸಬಾಯಿ ಔರಾದಿನಿಂದ ಬಂದು ಹೆರಿಗೆ ಕೋಣೆಯ ಬಾಗಿಲಲ್ಲೇ ಕೂತಿದ್ದರು. ದಾರಿಯಲ್ಲಿ ಜನವಾಡದಲ್ಲಿ ಬಸ್ಸು ಕೆಟ್ಟು ಯಾರದೋ ಬೈಕ್ ಹತ್ತಿ ಬಂದದ್ದನ್ನು ಮೂರು ಸಲ ಹೇಳಿದರು. ನಾನು ಮೂರು ಸಲವೂ ಮೊದಲ ಸಲದಂತೆಯೇ ಕೇಳಿದೆ.

ತಿಂಗಳಾದ ಮೇಲೆ ಮೂವರೂ ಕೂಡಿ ಆಕೆಯ ತವರಿಗೆ ಹೋದೆವು. ಬಾಗಿಲ ಪಕ್ಕದಲ್ಲಿ ಕೊಡಗಳು ಸಾಲಾಗಿದ್ದವು, ಒಂದು ಅರ್ಧ ತುಂಬಿತ್ತು. ಆಕೆ ಈಗಷ್ಟೇ ಎರೆದುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸಿಗೆ ಹಾಲೂಡುತ್ತಿದ್ದಳು. ತುಟಿಗೆ ಬಣ್ಣ ಬಂದಿತ್ತು. ನಾನು ನನ್ನ ಚಾಳಿ ಬಿಡದೆ, ನೋಡಿದಿರಾ, ನಮ್ಮ ಗೆಳತಿ ನೀರಿನ ವ್ಯವಸ್ಥೆ ಮಾಡಿದ್ದಕ್ಕೆ ನೀವು ಬಂದಿರಿ ಎಂದೆ.

"ನೀರಿಗಲ್ರಿ ಅಕ್ಕಾರ" ಎಂದಳು. "ಓಣ್ಯಾಗಿನವ್ರು ಕೊಡ್ತಾರಂತ ನನಗ ಗೊತ್ತಿತ್ತು. ಬರೂದು ಬ್ಯಾಡ ಅಂತಿತ್ತು ಮನಸು, ಅದಕ್ಕ ನೀರಿಂದು ಹೇಳ್ದೆ. ಮೊದಲಿನ ಕೂಸು ದವಾಖಾನ್ಯಾಗೇ ಹೋಯ್ತಲ್ರಿ. ಅಂಜಿಕಿ."

"ಮತ್ತ ಹ್ಯಾಂಗ ಬಂದ್ರಿ?"

ಆಕೆ ಗೌಂಡಿಯ ಕಡೆ ಒಮ್ಮೆ ನೋಡಿದಳು. "ನಿಮಗ ಫೋನ್ ಹಚ್ಚೂಕಿಂತ ಮೊದಲ ಇವರು ಮೆಸೇಜ್ ಓದಿದ್ರಿ. ಓದಿ, 'ಈಕಿ ಯಾರೋ ಬ್ಯಾರೆಯವ್ರು, ಎಲ್ಲಾ ಮೆಸೇಜಿಗಿ ಮೊದಲ ಇದೇ ಹೆಸರು' ಅಂದ್ರು. ನಾ ಹೆಸರು ಕೇಳ್ದೆ. ಲಗ್ನಾಗಿ ಆರು ವರ್ಷಾತು, ಅಪ್ಪ ಬಿಟ್ರ ಆ ಹೆಸರಿಲೆ ಯಾರೂ ಕರದಿಲ್ಲ. ಇವರಂತೂ ಮರ್ತೇಬಿಟ್ಟಿದ್ರು. ಹನ್ನೊಂದು ಸಲ ಕರದ್ರಲ್ರಿ ನೀವು. ಫೋನಿನ್ಯಾಗ ಬರೂದಿಲ್ಲ ಅಂದೆ ಖರೆ, ಆಮ್ಯಾಲ ನನ್ನ ಹೆಸರು ಹಿಡಿದು ಯಾರೋ ಇಷ್ಟು ಕರೀತಾರಂದ್ರ ಹೋಗಬೇಕು ಅನಿಸ್ತು. ಅದಕ್ಕ ಬಂದೆ."

ಗೌಂಡಿ ತಲೆ ತಗ್ಗಿಸಿ ಕೂಸಿನ ಕಾಲು ಸವರಿದ. ನರ್ಸಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೆ ಅಳು ಬಂತು, ಅತ್ತುಬಿಟ್ಟೆ. ಆ ಸಂದೇಶ ಕಳಿಸಿದ್ದು ನಾನಲ್ಲ, ಹೊಸ ಸೊಸಿ ತಡೆದರೂ ಕೇಳದೆ ಕಳಿಸಿದ್ದು ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಅಷ್ಟರಲ್ಲಿ ನಾನು ಪಟ್ಟಿಯಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎಂದು ಎರಡು ಕಲಂ ಮಾಡಿಯಾಗಿತ್ತು. ಆಕೆಯ ಹೆರಿಗೆ ಮುಗಿದಿದ್ದರಿಂದ ನಿಯಮದ ಪ್ರಕಾರ ಆ ಸಾಲನ್ನು ಅಂದು ತೆಗೆಯಬೇಕಿತ್ತು. ತನ್ನ ಹೆಸರು ಅದರೊಳಗೆ ಹೇಗೆ ಕಾಣುತ್ತದೆ, ತೋರಿಸಿರಿ ಎಂದಳು. ಮೊಬೈಲ್ ಕೊಟ್ಟೆ. ಶಾಲೆಯಲ್ಲಿ ಕಲಿತ ಓದು ಆಕೆಗೆ ನೆನಪಿತ್ತು. ಅಕ್ಷರಕ್ಕೊಂದು ಬೆರಳಿಟ್ಟು ಹೊಳೆಯ ಹೆಸರನ್ನು ನಿಧಾನವಾಗಿ ಓದಿಕೊಂಡಳು. ಆಮೇಲೆ ಗಂಡನಿಗೆ ತೋರಿಸಿದಳು. ಅವನೂ ಓದಿದ, ಮೊದಲ ಸಲ ಓದುವವನ ಹಾಗೆ, ಜೋರಾಗಿ.

ಒಳಗಿನಿಂದ ಕುರಿಗಾರ, ಮಗಳನ್ನು ಯಾರೋ ಕರೆದರೆಂದು, "ಯಾರು ಕರದ್ರವ್ವಾ ನಿನ್ನ?" ಎಂದ.

ನಾನು ಆ ಸಾಲನ್ನು ತೆಗೆಯಲಿಲ್ಲ. ಅದು ಇನ್ನೂ ಅಲ್ಲೇ ಇದೆ.